ಪುಣೆಗೆ ಹೊಸದಾಗಿ ಬಂದವರಿಗೆ: ‘ಗೆಟ್ ಅವೇ’ ಬಳಸುವ ಬಗೆ

ಧಾರವಾಡ, ಬಾಗಲಕೋಟೆ, ದಾವಣಗೆರೆಗಳಲ್ಲಿ ಓದು ಮುಗಿಸಿ ಹಿಂಜವಡಿ, ಖರಾಡಿಗಳ ಕಚೇರಿಗಳಿಗೆ ಸೇರುವ ನಮ್ಮ ಮಕ್ಕಳಿಗೆ ಮನೆ ಹುಡುಕುವ ಬಗೆ, ಖಾನಾವಳಿಯ ವಿಳಾಸ ಮುಂತಾದವನ್ನು ಹೇಳಿಕೊಡುವವರು ಈ ಊರಿನಲ್ಲಿ ಬಹಳ ಮಂದಿ ಇದ್ದಾರೆ. ಮರಾಠಿಯೂ ಕೆಲವು ತಿಂಗಳುಗಳಲ್ಲಿ ಕಿವಿಗೆ ಹತ್ತುತ್ತದೆ. ಆದರೆ ಶಾಲೆಯಲ್ಲಿ ‘ಎಸ್ಕೇಪ್’, ‘ಲೀವ್’ ಎಂದು ಕಲಿತು ಬಂದವರಿಗೆ ಇಲ್ಲಿನ ಕಚೇರಿಗಳಲ್ಲಿ, ಅದರಲ್ಲೂ ಹೊರದೇಶದ ಗ್ರಾಹಕರೊಡನೆ ಮಾತನಾಡುವಾಗ, ಆ ಪದಗಳಿಗಿಂತ ‘ಗೆಟ್ ಅವೇ’ ಎಂಬುದೇ ಹೆಚ್ಚಾಗಿ ಎದುರಾಗುತ್ತದೆ. ಅದರ ಮುಂದೆ ಬರುವ ಒಂದು ಸಣ್ಣ ಪದ ಅರ್ಥವನ್ನು ಪೂರ್ತಿ ಬದಲಿಸಿಬಿಡುತ್ತದೆ, ಕೆಲವೊಮ್ಮೆ ಆಡಿದವರ ಮೇಲೆಯೇ ಆರೋಪ ಹೊರಿಸುತ್ತದೆ. ಆದ್ದರಿಂದ ಈ ಒಂದು ಪ್ರಯೋಗವನ್ನು ಬಿಡಿಸಿ ಹೇಳುವುದು ಅಗತ್ಯವೆಂದು ನನಗೆ ತೋರಿದೆ.

ಮುಂದೆ ಯಾವ ಪದವೂ ಇಲ್ಲದೆ ಬಂದಾಗ ಅದಕ್ಕೆ ಮುಖ್ಯವಾಗಿ ಎರಡು ಅರ್ಥಗಳಿವೆ. ‘ದ ಥೀಫ್ ಗಾಟ್ ಅವೇ’ ಎಂದರೆ ಕಳ್ಳ ಕೈಗೆ ಸಿಗದೆ ಪಾರಾದ ಎಂದರ್ಥ. ‘ಐ ಕುಡ್ ನಾಟ್ ಗೆಟ್ ಅವೇ’ ಎಂಬ ಮಾತಿನಲ್ಲಿ ಕಳ್ಳತನದ ಛಾಯೆ ಸ್ವಲ್ಪವೂ ಇಲ್ಲ. ಕೆಲಸ ಬಿಡದ ಕಾರಣ ಹೊರಡಲು ಆಗಲಿಲ್ಲ ಎಂದಷ್ಟೇ ಅದು ಹೇಳುತ್ತದೆ. ಮುಂಬೈಯ ಕಚೇರಿಗೆ ಹೋದ ದಿನ ಸಭೆ ಮುಗಿಯುವುದು ತಡವಾಗಿ, ಸಂಜೆ ಪುಣೆಗೆ ಮರಳುವ ಡೆಕ್ಕನ್ ಕ್ವೀನ್ ಗಾಡಿ ತಪ್ಪಿದರೆ, ‘ಐ ಕುಡ್ ನಾಟ್ ಗೆಟ್ ಅವೇ ಇನ್ ಟೈಮ್’ ಎಂದು ನೀವು ಧಾರಾಳವಾಗಿ ಬರೆಯಬಹುದು. ಮೇಲಧಿಕಾರಿಗಳಿಗೆ ಬರೆಯುವಾಗಲೂ ಅದು ಸಭ್ಯವಾದ ಮಾತೇ.

ಇಲ್ಲಿ ಮರಾಠಿಯ ಪ್ರಭಾವದ ಬಗ್ಗೆ ಒಂದು ಎಚ್ಚರಿಕೆ ಬೇಕು. ಮರಾಠಿಯ ‘ಸುಟಣೇ’ ಎಂಬ ಕ್ರಿಯಾಪದ ಗಾಡಿ ಹೊರಡುವುದಕ್ಕೂ, ಕಚೇರಿ ಬಿಡುವುದಕ್ಕೂ, ಆರೋಪಿ ಬಿಡುಗಡೆಯಾಗುವುದಕ್ಕೂ ಸಲ್ಲುತ್ತದೆ. ನಮ್ಮ ಉತ್ತರ ಕರ್ನಾಟಕದ ‘ಗಾಡಿ ಬಿಡ್ತು, ಸಾಲಿ ಬಿಡ್ತು’ ಎಂಬ ಮಾತುಗಳೂ ಹೆಚ್ಚುಕಡಿಮೆ ಇದೇ ದಾರಿಯವು. ಹಾಗೆಂದು ಇಂಗ್ಲಿಷಿನಲ್ಲಿ ವೇಳೆಗೆ ಸರಿಯಾಗಿ ಹೊರಟ ಗಾಡಿಗೆ ‘ಗಾಟ್ ಅವೇ’ ಎನ್ನುವಂತಿಲ್ಲ. ಗಾಡಿಗೆ ‘ಲೆಫ್ಟ್’ ಸಾಕು. ಏನೋ ಒಂದು ಹಿಡಿದು ನಿಲ್ಲಿಸುತ್ತಿದ್ದು ಅದರಿಂದ ಬಿಡಿಸಿಕೊಂಡಾಗಲೇ ‘ಗೆಟ್ ಅವೇ’ ಒಪ್ಪುತ್ತದೆ.

‘ಫ್ರಮ್’ ಸೇರಿದಾಗ ಯಾವುದರಿಂದ ದೂರವಾಗುವುದು ಎಂಬುದು ಸ್ಪಷ್ಟವಾಗುತ್ತದೆ. ಇದು ನಮ್ಮ ಪಂಚಮಿ ವಿಭಕ್ತಿಗೆ ಹತ್ತಿರವಾದ್ದರಿಂದ ಕನ್ನಡಿಗರಿಗೆ ಕಷ್ಟವಾಗುವುದಿಲ್ಲ. ಲೋಕಲ್ ಗಾಡಿಯಲ್ಲಿ ‘ಗೆಟ್ ಅವೇ ಫ್ರಮ್ ದ ಡೋರ್’ ಎಂದು ಯಾರಾದರೂ ಕೂಗಿದರೆ ಬಾಗಿಲಿನಿಂದ ಸರಿದು ನಿಲ್ಲಬೇಕು. ‘ದೇರ್ ಈಸ್ ನೋ ಗೆಟಿಂಗ್ ಅವೇ ಫ್ರಮ್ ಇಟ್’ ಎಂದರೆ ಒಂದು ಸತ್ಯವನ್ನು ಒಪ್ಪಿಕೊಳ್ಳದೆ ಬೇರೆ ದಾರಿಯಿಲ್ಲ ಎಂದರ್ಥ. ಇನ್ನು ವಾರಾಂತ್ಯದಲ್ಲಿ ಸುಮಾರು 65 ಕಿಲೋಮೀಟರ್ ದೂರದ ಲೋಣಾವಳಕ್ಕೆ ಹೋಗಿಬರುವುದನ್ನು ಸಹೋದ್ಯೋಗಿಗಳು ‘ವೀಕೆಂಡ್ ಗೆಟವೇ’ ಎನ್ನುವುದನ್ನು ಮೊದಲ ಮಳೆಗಾಲದಲ್ಲೇ ಕೇಳುತ್ತೀರಿ. ಅಲ್ಲಿ ಅದು ನಾಮಪದ: ಒಂದೇ ಪದವಾಗಿ ಕೂಡಿಸಿ ಬರೆಯಬೇಕು, ಉಚ್ಚಾರದಲ್ಲಿ ಒತ್ತು ಮೊದಲ ಅಕ್ಷರದ ಮೇಲೆ ಬೀಳಬೇಕು. ಕ್ರಿಯಾಪದವಾದಾಗ ಬಿಡಿಸಿ ಬರೆದು ‘ಅವೇ’ ಎಂಬುದನ್ನು ಒತ್ತಿ ಹೇಳಬೇಕು.

ನಿಜವಾದ ತೊಡಕು ಇರುವುದು ‘ವಿತ್’ ಸೇರಿದಾಗ. ‘ಗೆಟ್ ಅವೇ ವಿತ್’ ಎಂಬುದರ ಮುಂದೆ ಒಂದು ವಸ್ತು ಬಂದರೆ, ಅದನ್ನು ಕದ್ದುಕೊಂಡು ಪರಾರಿಯಾದ ಎಂದಾಗುತ್ತದೆ. ಮನೆಯಿಂದ ಕೆಲಸ ಮಾಡಲೆಂದು ಕಚೇರಿಯ ಲ್ಯಾಪ್‌ಟಾಪ್ ತೆಗೆದುಕೊಂಡು ಆರು ಗಂಟೆಗೆ ಹೊರಟವರು ‘ಐ ಗಾಟ್ ಅವೇ ವಿತ್ ದ ಲ್ಯಾಪ್‌ಟಾಪ್’ ಎಂದು ಬರೆದರೆ, ಓದಿದವರಿಗೆ ಅದು ಕಳವಿನ ಒಪ್ಪಿಗೆಯಂತೆ ಕಾಣುತ್ತದೆ. ‘ಐ ಲೆಫ್ಟ್ ಅಟ್ ಸಿಕ್ಸ್ ಆ್ಯಂಡ್ ಟುಕ್ ದ ಲ್ಯಾಪ್‌ಟಾಪ್ ಹೋಮ್’ ಎಂದು ನೇರವಾಗಿ ಬರೆಯಿರಿ.

ಅದರ ಮುಂದೆ ಒಂದು ಕೃತ್ಯ ಬಂದರೆ, ತಪ್ಪು ಮಾಡಿಯೂ ಶಿಕ್ಷೆಯಾಗಲಿಲ್ಲ ಎಂದರ್ಥ. ಕನ್ನಡದಲ್ಲಿ ನಾವು ‘ಶಿಕ್ಷೆಯಿಂದ ತಪ್ಪಿಸಿಕೊಂಡ’ ಎಂದು ಶಿಕ್ಷೆಯನ್ನು ಹೆಸರಿಸುತ್ತೇವೆ. ಇಂಗ್ಲಿಷಿನ ಈ ಪ್ರಯೋಗದಲ್ಲಿ ಸಾಮಾನ್ಯವಾಗಿ ಹೆಸರಿಸುವುದು ತಪ್ಪನ್ನು. ‘ಹೀ ಗಾಟ್ ಅವೇ ವಿತ್ ಚೀಟಿಂಗ್’ ಎಂಬುದಕ್ಕೆ ‘ಮೋಸ ಮಾಡಿ ದಕ್ಕಿಸಿಕೊಂಡ’ ಎಂಬ ನಮ್ಮ ಮಾತು ಸರಿಯಾಗಿ ಹೊಂದುತ್ತದೆ, ಏಕೆಂದರೆ ದಕ್ಕುವುದು ಕೂಡ ಮಾಡಿದ ಕೆಲಸವೇ. ‘ವಿತ್’ ಕಂಡಾಗಲೆಲ್ಲ ‘ದಕ್ಕಿಸಿಕೊಳ್ಳು’ ಎಂದು ಮನಸ್ಸಿನಲ್ಲಿ ಅಂದುಕೊಳ್ಳಿ ಎಂದು ನಾನು ಹೊಸಬರಿಗೆಲ್ಲ ಹೇಳುತ್ತೇನೆ. ದಂಡವನ್ನೇ ಹೆಸರಿಸುವ ಸಂದರ್ಭವೂ ಒಂದಿದೆ: ಹೆಲ್ಮೆಟ್ ಇಲ್ಲದೆ ಸಿಕ್ಕಿಬಿದ್ದವನನ್ನು ಪೊಲೀಸರು ಎಚ್ಚರಿಕೆ ಕೊಟ್ಟು ಬಿಟ್ಟರೆ ‘ಗಾಟ್ ಅವೇ ವಿತ್ ಎ ವಾರ್ನಿಂಗ್’ ಎನ್ನುವುದುಂಟು. ದೊಡ್ಡದು ತಪ್ಪಿ ಚಿಕ್ಕದರಲ್ಲಿ ಮುಗಿಯಿತು ಎಂಬುದು ಅಲ್ಲಿನ ಭಾವ. ಅದೇ ಅರ್ಥದಲ್ಲಿ ‘ಗಾಟ್ ಆಫ್ ವಿತ್’ ಎಂದರೂ ಸರಿ.

ಆರೋಪವಿಲ್ಲದ ‘ವಿತ್’ ಕೂಡ ಇದೆ. ‘ಯೂ ಕ್ಯಾನ್ ಗೆಟ್ ಅವೇ ವಿತ್ ಎ ಲೈಟ್ ಸ್ವೆಟರ್ ಇನ್ ಪುಣೆ’ ಎಂದು ಸಹೋದ್ಯೋಗಿ ಹೇಳಿದರೆ, ಇಲ್ಲಿನ ಚಳಿಗೆ ತೆಳುವಾದ ಸ್ವೆಟರಿನಲ್ಲೇ ನಿಭಾಯಿಸಬಹುದು ಎಂದಷ್ಟೇ ತಿಳಿಯಬೇಕು. ಸಮುದ್ರ ಮಟ್ಟದಿಂದ 1,300 ಮೀಟರಿಗೂ ಹೆಚ್ಚು ಎತ್ತರದ ಮಹಾಬಲೇಶ್ವರಕ್ಕೆ ಡಿಸೆಂಬರಿನಲ್ಲಿ ಹೋಗುವವರಿಗೆ ಅದೇ ಮಾತನ್ನು ‘ಕಾಂಟ್’ ಸೇರಿಸಿ ಹೇಳುತ್ತಾರೆ.

ಹತ್ತಿರದ ಇನ್ನೊಂದು ಪ್ರಯೋಗ ‘ಗೆಟ್ ಔಟ್ ಆಫ್’. ಸಭೆಯ ನಡುವೆ ಎದ್ದು ಬರಲು ಸಾಧ್ಯವಾದರೆ ‘ಗೆಟ್ ಅವೇ ಫ್ರಮ್ ದ ಮೀಟಿಂಗ್’. ಸಭೆಗೆ ಹೋಗಲೇಬೇಕಾದ ಹೊಣೆಯಿಂದ ಏನೋ ನೆಪ ಹೇಳಿ ಜಾರಿಕೊಂಡರೆ ‘ಗೆಟ್ ಔಟ್ ಆಫ್ ದ ಮೀಟಿಂಗ್’. ನಿಮ್ಮ ಬಗ್ಗೆ ನೀವೇ ಬರೆಯುವಾಗ ಎರಡನೆಯದನ್ನು ಬಳಸಬೇಡಿ. ರೂಪಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ: ಬ್ರಿಟಿಷರು ‘ಹ್ಯಾಸ್ ಗಾಟ್ ಅವೇ’ ಎಂದರೆ ಅಮೆರಿಕದವರು ‘ಹ್ಯಾಸ್ ಗಾಟನ್ ಅವೇ’ ಎನ್ನುತ್ತಾರೆ. ಎರಡೂ ಶುದ್ಧವೇ, ನಿಮ್ಮ ಗ್ರಾಹಕರು ಯಾವ ದೇಶದವರೋ ಆ ರೂಪವನ್ನು ಆರಿಸಿಕೊಂಡು, ಒಂದೇ ಪತ್ರದಲ್ಲಿ ಎರಡನ್ನೂ ಬೆರೆಸದೆ ಬರೆಯಿರಿ.