ನಾಡಿಶೋಧನ: ಬಿಡುವ ಉಸಿರಿನಿಂದ ಶುರು

ಪ್ರಾಣಾಯಾಮ ಶುರುಮಾಡಿದ ವಾರದಲ್ಲೇ ಬೆರಳ ತುದಿ ಜುಮುಗುಡುತ್ತದೆ, ತುಟಿಯ ಸುತ್ತ ಇರುವೆ ಹರಿದಂತಾಗುತ್ತದೆ, ಇದು ಪ್ರಾಣಶಕ್ತಿಯ ಸಂಚಾರವೇ ಎಂದು ಕೇಳುವವರು ಬಹಳ. ಉಸಿರಿನ ವೇಗವನ್ನು ಅರ್ಧಕ್ಕಿಳಿಸಿ ನೋಡಿ ಎನ್ನುತ್ತೇನೆ. ಸ್ವಲ್ಪ ಹೊತ್ತಿನಲ್ಲಿ ಅದು ಮಾಯವಾದರೆ, ನೀವು ಬೇಕಾದ್ದಕ್ಕಿಂತ ಹೆಚ್ಚು ಗಾಳಿ ಎಳೆಯುತ್ತಿದ್ದಿರಿ ಎಂದೇ ಅರ್ಥ. ಹೀಗಾದಾಗ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ, ಮೆದುಳಿನ ರಕ್ತನಾಳಗಳು ಕಿರಿದಾಗುತ್ತವೆ, ತಲೆ ಹಗುರಾಗುತ್ತದೆ. ಆ ಅನುಭವದ ಬೆನ್ನು ಹತ್ತಿದವರಿಗೆ ಧ್ಯಾನ ಕೂಡಿಬಂದದ್ದನ್ನು ನಾನು ಕಂಡಿಲ್ಲ. ನಾಡಿಶೋಧನ, ಅಂದರೆ ಒಂದೊಂದೇ ಹೊಳ್ಳೆಯಿಂದ ಸರದಿಯಂತೆ ಉಸಿರಾಡುವುದೂ ಸೇರಿ, ನನ್ನ ಅಭ್ಯಾಸವೆಲ್ಲ ನಿಂತಿರುವುದು ಬಿಡುವ ಉಸಿರಿನ ಮೇಲೆ. ಅದು ಉದ್ದವಾಗಿ, ಸದ್ದಿಲ್ಲದೆ, ಕೊನೆಯವರೆಗೂ ಒಂದೇ ಹದದಲ್ಲಿ ಹೋಗುತ್ತಿದ್ದರೆ ಉಳಿದದ್ದು ತಾನಾಗಿ ಒದಗುತ್ತದೆ.

ಕೂರುವುದು ಬೆಳಿಗ್ಗೆ 5.30ಕ್ಕೆ. ಉಡುಪಿಯ ಸೆಕೆಗೆ ಅದಕ್ಕಿಂತ ತಡವಾದರೆ ಬೆವರು ಒರೆಸುವುದೇ ಕೆಲಸವಾಗುತ್ತದೆ. ಚಾಪೆಯ ಮೇಲೆ ಬೈರಾಸನ್ನು (ಮೈ ಒರೆಸುವ ಬಟ್ಟೆ) ನಾಲ್ಕು ಮಡಿಕೆ ಮಾಡಿ, ಅದರ ಅಂಚು ಪೃಷ್ಠದ ಹಿಂಭಾಗಕ್ಕೆ ಮಾತ್ರ ಸಿಗುವಂತೆ ಇಡುತ್ತೇನೆ. ಮಂಡಿ ಸೊಂಟಕ್ಕಿಂತ ತಗ್ಗಿನಲ್ಲಿರಬೇಕು. ಇಲ್ಲದಿದ್ದರೆ ಸೊಂಟ ಹಿಂದಕ್ಕೆ ಬಾಗಿ ಹೊಟ್ಟೆ ಮಡಚಿಕೊಳ್ಳುತ್ತದೆ, ಎದೆ, ಹೊಟ್ಟೆಗಳ ನಡುವಿನ ಉಸಿರಾಟದ ಸ್ನಾಯುವಾದ ವಪೆಗೆ ಇಳಿಯಲು ಜಾಗವಿರುವುದಿಲ್ಲ. ಮಂಡಿ ಏಳುತ್ತಲೇ ಇದ್ದರೆ ಅಡುಗೆಮನೆಯ ಮಣೆಯನ್ನೇ ಕೆಳಗೆ ಹಾಕಿಕೊಳ್ಳಿ, ಕುರ್ಚಿಯಾದರೂ ಅಡ್ಡಿಯಿಲ್ಲ. ಸೊಳ್ಳೆಬತ್ತಿ, ಊದುಬತ್ತಿ ಎರಡೂ ಆ ಕೋಣೆಯಲ್ಲಿ ಬೇಡ. ಸಂಜೆ ಮಾಡುವವರು ಊಟವಾಗಿ 4 ಗಂಟೆಯಾದರೂ ಬಿಡಬೇಕು.

ಮೊದಲಿಗೆ ಕಪಾಲಭಾತಿ, 30 ಸಲ, ಸೆಕೆಂಡಿಗೆ ಒಂದರಂತೆ, 2 ಸುತ್ತು. ಕೆಳಹೊಟ್ಟೆಯನ್ನು ಒಳಕ್ಕೆ ಜಗ್ಗಿದಾಗ ಉಸಿರು ಹೊರಬೀಳುತ್ತದೆ, ಹೊಟ್ಟೆಯನ್ನು ಸಡಿಲಬಿಟ್ಟರೆ ಗಾಳಿ ತಾನೇ ಒಳಬರುತ್ತದೆ. ಒಳಗೆಳೆಯುವುದಕ್ಕೂ ಬಲ ಹಾಕಿದರೆ ಅದು ಭಸ್ತ್ರಿಕಾ ಆಗುತ್ತದೆ, ತಲೆಸುತ್ತು ಬರುವುದು ಹೆಚ್ಚಾಗಿ ಅಲ್ಲಿಂದಲೇ. ಹೆಗಲು ಕುಣಿಯುತ್ತಿದ್ದರೆ ಎದೆಯಿಂದ ಮಾಡುತ್ತಿದ್ದೀರಿ. ರಕ್ತದೊತ್ತಡ, ಹೃದಯದ ತೊಂದರೆ, ಹರ್ನಿಯಾ, ಗ್ಲಾಕೋಮಾ, ಅಪಸ್ಮಾರ ಇರುವವರು, ಗರ್ಭಿಣಿಯರು, ಇತ್ತೀಚೆಗೆ ಹೊಟ್ಟೆಯ ಶಸ್ತ್ರಚಿಕಿತ್ಸೆಯಾದವರು ಕಪಾಲಭಾತಿ, ಭಸ್ತ್ರಿಕಾ, ಕುಂಭಕ (ಉಸಿರು ಹಿಡಿಯುವುದು) ಮೂರನ್ನೂ ಬಿಟ್ಟುಬಿಡಬೇಕು. ಆರೋಗ್ಯವಂತನಾದರೂ ಏಪ್ರಿಲ್, ಮೇ ತಿಂಗಳ ಧಗೆಯಲ್ಲಿ ನಾನು ಭಸ್ತ್ರಿಕಾ ಮಾಡುವುದಿಲ್ಲ, ಆಗ ಶೀತಲಿ 9 ಸಲ. ನಾಲಿಗೆ ಕೊಳವೆಯಂತೆ ಮಡಚಲು ಬಾರದವರಿಗೆ ಹಲ್ಲಿನ ಸಂದಿಯಿಂದ ಎಳೆಯುವ ಸೀತ್ಕಾರಿಯೂ ಆಗುತ್ತದೆ.

ಇನ್ನು ನಾಡಿಶೋಧನ. ಬಲಗೈಯ ತೋರುಬೆರಳು, ನಡುಬೆರಳು ಅಂಗೈಗೆ ಮಡಚಿರಲಿ. ಹೆಬ್ಬೆರಳು ಬಲ ಹೊಳ್ಳೆಗೆ, ಉಂಗುರಬೆರಳು ಎಡಕ್ಕೆ. ಬೆರಳು ಎಲ್ಲಿ ಕೂರಬೇಕೆಂಬುದನ್ನು ಯಾರೂ ಸರಿಯಾಗಿ ಹೇಳಿಕೊಡುವುದಿಲ್ಲ. ಮೂಗಿನ ಎಲುಬನ್ನು ಮೇಲಿನಿಂದ ಸವರುತ್ತ ಬನ್ನಿ, ಗಟ್ಟಿ ಮುಗಿದು ಮೆತ್ತಗಾಗುವ ಒಂದು ತಗ್ಗು ಸಿಗುತ್ತದೆ. ಬೆರಳಿನ ತುದಿ ಅಲ್ಲಿ. ಅಲ್ಲಿ ಸುಮ್ಮನೆ ತಾಗಿಸಿದರೂ ದಾರಿ ಮುಚ್ಚುತ್ತದೆ. ಹೊಳ್ಳೆಯ ತುದಿಯನ್ನು ಹಿಸುಕಿದರೆ ನಡುವಿನ ಗೋಡೆ ಓರೆಯಾಗಿ, ತೆರೆದಿರಬೇಕಾದ ಹೊಳ್ಳೆಯೂ ಕಿರಿದಾಗಿ ಸುಯ್ಯೆಂಬ ಸದ್ದು ಬರುತ್ತದೆ.

ಎರಡೂ ಹೊಳ್ಳೆಯಿಂದ ಪೂರ್ತಿ ಬಿಟ್ಟು, ಎಡದಿಂದ 4 ಎಣಿಕೆ ಎಳೆದು, ಬಲದಿಂದ 6 ಎಣಿಕೆ ಬಿಡುವುದು. ಮತ್ತೆ ಬಲದಿಂದ 4, ಎಡದಿಂದ 6. ಇದು ಒಂದು ಸುತ್ತು, 20 ಸೆಕೆಂಡು. ನಿಮಿಷಕ್ಕೆ 6 ಉಸಿರಾಯಿತು. ಎಡಗೈಯ ಹೆಬ್ಬೆರಳನ್ನು ಉಳಿದ ನಾಲ್ಕು ಬೆರಳುಗಳ 12 ಗೆಣ್ಣುಗಳ ಮೇಲೆ ಸರಿಸುತ್ತ ಹೋದರೆ 12 ಸುತ್ತಿಗೆ 4 ನಿಮಿಷ. ಗಡಿಯಾರದ ಟಿಕ್ ಟಿಕ್ ಕೇಳುತ್ತ ಎಣಿಸಬೇಡಿ, ಮನಸ್ಸು ಉಸಿರನ್ನು ಬಿಟ್ಟು ಗೋಡೆಗೆ ಹೋಗುತ್ತದೆ. ಉಪನಯನವಾದ ಹುಡುಗರಿಗೆ ಸಂಧ್ಯಾವಂದನೆಯಲ್ಲಿ ಮಂತ್ರದ ಜೊತೆ ಪ್ರಾಣಾಯಾಮ ಕಲಿಸುವುದಿದೆಯಲ್ಲ, ಅಲ್ಲಿ ಮಂತ್ರವೇ ಅಳತೆಗೋಲು. ಅದನ್ನು ಓಡಿಸಿ, ಮೂಗು ಮುಟ್ಟಿ ಕೈ ಬಿಟ್ಟರೆ ಅಳತೆಯೇ ಕಳೆದುಹೋಗುತ್ತದೆ. ಆ ಅಭ್ಯಾಸ ಇರುವವರು ಅದೇ ಮಂತ್ರವನ್ನು ನಿಧಾನವಾಗಿ ಮನಸ್ಸಿನಲ್ಲಿ ಹೇಳಿಕೊಂಡರೆ ಸಂಖ್ಯೆಗಿಂತ ಚೆನ್ನಾಗಿ ಕೂಡುತ್ತದೆ.

ಉಸಿರಿನ ಹದ ನೋಡಲು ನನ್ನ ಬಳಿ ಇರುವ ಸಾಧನ ದೇವರ ದೀಪದ ಒಂದು ಹೂಬತ್ತಿ. ಹತ್ತಿಯನ್ನು ಸ್ವಲ್ಪ ಬಿಡಿಸಿ, ಮೂಗಿನಿಂದ ನಾಲ್ಕು ಬೆರಳು ಕೆಳಗೆ ಹಿಡಿದು ಉಸಿರು ಬಿಡಬೇಕು. ಶುರುವಿಗೆ ಎಳೆಗಳು ಜೋರಾಗಿ ಹಾರಿ, ಕೊನೆಗೆ ಸತ್ತಂತಾದರೆ ಮೊದಲ ಎರಡು ಎಣಿಕೆಯಲ್ಲೇ ಎಲ್ಲ ಖರ್ಚು ಮಾಡಿದ್ದೀರಿ. ಆರೂ ಎಣಿಕೆಗೆ ಒಂದೇ ಥರ ಅಲುಗಬೇಕು. ಹಾಗೆಯೇ ಮಣಿಕಟ್ಟಿನ ನಾಡಿ ಹಿಡಿದು ನೋಡಿ: ಎಳೆಯುವಾಗ ಬಡಿತ ತುಸು ಚುರುಕು, ಬಿಡುವಾಗ ನಿಧಾನ. ಎಳೆಯರಲ್ಲಿ ಇದು ಸ್ಪಷ್ಟ, ವಯಸ್ಸಾದಂತೆ ಮಂಕು. ಬಿಡುವ ಉಸಿರಿನಲ್ಲಿ ಮನಸ್ಸು ಇಳಿಯುತ್ತದೆ ಎಂಬ ಮಾತನ್ನು ಬೆರಳಿಗೇ ತೋರಿಸುವ ಗುರುತು ಇದು. ಹಠಯೋಗ ಪ್ರದೀಪಿಕೆಯ ಎರಡನೆಯ ಅಧ್ಯಾಯ 'ಚಲೇ ವಾತೇ ಚಲಂ ಚಿತ್ತಂ', ಉಸಿರು ಅಲುಗಿದರೆ ಚಿತ್ತವೂ ಅಲುಗುತ್ತದೆ, ಎನ್ನುವುದೂ ಇದನ್ನೇ.

ಕುಂಭಕಕ್ಕೆ ಅವಸರ ಬೇಡ. ಪರಂಪರೆಯಲ್ಲಿ ಹೇಳುವ 1:4:2 ಪ್ರಮಾಣವೆಂದರೆ 4 ಎಳೆದು, 16 ಹಿಡಿದು, 8 ಬಿಡುವುದು. ಹೊಸಬರು ಅಲ್ಲಿಗೆ ಹಾರಿದರೆ ಎದೆ ಬಿಗಿಯುತ್ತದೆ, ದಿನವಿಡೀ ಸಿಡುಕು. 4:6 ಮೂರು ತಿಂಗಳು ಹಗುರಾಗಿ ನಡೆದ ಮೇಲೆ 2 ಎಣಿಕೆ ಹಿಡಿಯುವುದು, ಆಮೇಲೆ 4. ಹಿಡಿದ ನಂತರ ಉಸಿರು ಒತ್ತಿ ನುಗ್ಗಿದರೆ, ಇಲ್ಲವೇ ಮುಂದಿನ ಉಸಿರಿಗೆ ಬಾಯಿ ತೆರೆದರೆ ಹಿಡಿದದ್ದು ಜಾಸ್ತಿಯಾಯಿತು. ಅಂದು ಕುಂಭಕವನ್ನು ಅಲ್ಲಿಗೇ ನಿಲ್ಲಿಸುತ್ತೇನೆ.

ಕೊನೆಗೆ ಭ್ರಾಮರಿ, ಅಂದರೆ ದುಂಬಿಯಂತೆ ಗುಂಯ್‌ಗುಟ್ಟುತ್ತ ಉಸಿರು ಬಿಡುವುದು, 7 ಸಲ. ಹಲ್ಲು ಬಿಡಿಯಾಗಿ, ತುಟಿ ಸೇರಿರಲಿ, ಕಿವಿಯ ಹೊರಗಿನ ಎಸಳನ್ನು ಒತ್ತಿ ಮುಚ್ಚಿ. ಬೆರಳನ್ನು ತೂತಿಗೆ ತುರುಕಬಾರದು. ಗುಂಯ್‌ಗುಟ್ಟುವಾಗ ಮೂಗಿನಲ್ಲಿ ನೈಟ್ರಿಕ್ ಆಕ್ಸೈಡ್ ಹಲವು ಪಟ್ಟು ಏರುವುದನ್ನು ಸ್ವೀಡನ್ನಿನ ಸಂಶೋಧಕರು 2002ರಲ್ಲಿ ಅಳೆದು ತೋರಿಸಿದ್ದಾರೆ. ಸ್ವರ ತಗ್ಗಿದಷ್ಟೂ ಎದೆಯಲ್ಲಿ ಕಂಪನ ಸಿಗುತ್ತದೆ.

ಸದ್ದು ನಿಂತ ಕೂಡಲೇ ಧ್ಯಾನ, 15 ನಿಮಿಷ. ಕೈ ತೊಡೆಯ ಮೇಲೆ, ಎಣಿಕೆ ಬಂದ್. ಉಸಿರು ಎಷ್ಟು ಸಣ್ಣಗಾಗುತ್ತದೋ ಆಗಲಿ, ಮತ್ತೆ ಉದ್ದ ಮಾಡಲು ಹೋಗಬಾರದು. ಎಳೆಯುವಾಗ ಗಮನ ಬೆನ್ನಿನ ಬುಡದ ಮೂಲಾಧಾರ ಚಕ್ರದಿಂದ ಬೆನ್ನುಹುರಿಯಗುಂಟ ಮೇಲಕ್ಕೆ, ಬಿಡುವಾಗ ಕೆಳಕ್ಕೆ. ಚಕ್ರಗಳನ್ನು ಗಮನ ಇಡುವ ಠಾವುಗಳೆಂದು ಹಿಡಿದರೆ ಅಭ್ಯಾಸಕ್ಕೆ ಸಾಕು. ಹುಬ್ಬುಗಳ ನಡುವೆ ನೋಡಿ ಎಂದರೆ ಹೆಚ್ಚಿನವರು ಕಣ್ಣುಗುಡ್ಡೆಯನ್ನೇ ಮೇಲಕ್ಕೆ ತಿರುಗಿಸುತ್ತಾರೆ, ಅರ್ಧ ಗಂಟೆಯಲ್ಲಿ ಹಣೆನೋವು. ಕಣ್ಣು ಕೆಳಗೇ ಇರಲಿ, ಗಮನ ಮಾತ್ರ ಅಲ್ಲಿ. ತಲೆ ಬಿಸಿಯಾಯಿತೆಂದರೆ ಗಮನವನ್ನು ಹೊಕ್ಕುಳಿಗೆ ಇಳಿಸಿ 10 ಸಹಜ ಉಸಿರು ನೋಡಿ ಏಳಬೇಕು.

ಆಟಿ ತಿಂಗಳ ಮಳೆಗೆ ನಮ್ಮಲ್ಲಿ ಬೈರಾಸು, ಚಾಪೆ ಎಲ್ಲ ಬೂಷ್ಟು ಹಿಡಿಯುತ್ತವೆ, ಮೂಗೂ ಕಟ್ಟುತ್ತದೆ. ಮೂಗು ತೊಳೆಯುವ ಜಲನೇತಿಗೆ ಅರ್ಧ ಲೀಟರ್ ನೀರು, ಒಂದು ಸಪಾಟು ಟೀ ಚಮಚ ಉಪ್ಪು. ಬಾವಿಯ ನೀರು ಎಷ್ಟೇ ತಿಳಿಯಾಗಿದ್ದರೂ ಕುದಿಸಿ ಆರಿಸಿಯೇ ಬಳಸಬೇಕು. ಆಮೇಲೆ ಮುಂದಕ್ಕೆ ಬಾಗಿ ಎರಡೂ ಹೊಳ್ಳೆ ತೆರೆದಿಟ್ಟು ಮೆಲ್ಲಗೆ ಉಸಿರು ಬಿಟ್ಟು ಒಣಗಿಸಿ. ಒಂದನ್ನು ಮುಚ್ಚಿ ಸೀಟಿದರೆ ನೀರು ಕಿವಿಯ ಕಡೆಗೆ ಹೋಗುತ್ತದೆ. ಬಲ ಹೊಳ್ಳೆ ಮಾತ್ರ ಕಟ್ಟಿದ್ದರೆ ಎಡ ಮಗ್ಗುಲಿಗೆ ಹತ್ತು ನಿಮಿಷ ಮಲಗಿದರೆ ಸಾಮಾನ್ಯವಾಗಿ ತೆರೆಯುತ್ತದೆ. ತೆರೆಯದಿದ್ದರೆ ಅಂದು ಮೂಗಿಗೆ ಕೈ ಹಚ್ಚುವುದೇ ಬೇಡ. ಎರಡೂ ಹೊಳ್ಳೆಯಿಂದ 4:6, ಆಮೇಲೆ ಭ್ರಾಮರಿ.