ದೂರಿನ ಕಡತಕ್ಕೂ ದುಡ್ಡಿನ ಲೆಕ್ಕಕ್ಕೂ ಒಂದೇ ಪುಸ್ತಕ: ಬಾರ್ ಕೌನ್ಸಿಲ್‌ನಲ್ಲಿ ನನ್ನ ಅನುಭವ

ವರ್ಷ ದಾಟಿದ ಕಡತವನ್ನು ಕಟ್ಟಿ ದೆಹಲಿಗೆ ಕಳಿಸಿದವರಿಗೆ ನನ್ನ ಮಾತು ಬೇಗ ಅರ್ಥವಾಗುತ್ತದೆ. ನಾನು ವಕೀಲರನ್ನು ನೋಂದಾಯಿಸುವ, ಅವರ ಮೇಲಿನ ದೂರು ವಿಚಾರಿಸುವ ಸಂಸ್ಥೆಯಾದ ಒಂದು ರಾಜ್ಯದ ಬಾರ್ ಕೌನ್ಸಿಲ್‌ನಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಯಾವ ರಾಜ್ಯ ಅನ್ನುವುದು ಇಲ್ಲಿ ಬೇಡ. 2021ರಲ್ಲಿ ಶಿಸ್ತು ವಿಭಾಗವನ್ನೂ ನನಗೇ ವಹಿಸಿದರು. ನಾನು ದೂರಿನ ರಿಜಿಸ್ಟರನ್ನೂ ಖರ್ಚಿನ ಲೆಕ್ಕವನ್ನೂ ಒಂದೇ ಪುಸ್ತಕಕ್ಕೆ ತಂದೆ. "ಲೆಕ್ಕದವರಿಗೆ ದೂರಿನ ವಿಚಾರ ಏನು ಗೊತ್ತಾಗುತ್ತೆ?" ಅಂತ ಕೇಳಿದವರು ಒಬ್ಬಿಬ್ಬರಲ್ಲ.

ಇದಕ್ಕೆ ಕೈ ಹಾಕಿದ್ದು ಒಬ್ಬ ಹೆಂಗಸಿನ ಕಾರಣಕ್ಕೆ. ಗಂಡ ಅಪಘಾತದಲ್ಲಿ ತೀರಿಕೊಂಡಿದ್ದರು. ಪರಿಹಾರದ ಹಣದಲ್ಲಿ ಸುಮಾರು 4 ಲಕ್ಷ ವಕೀಲರ ಹತ್ತಿರವೇ ಉಳಿದಿದೆ ಅಂತ ದೂರು ಕೊಟ್ಟಿದ್ದರು. ದೂರು ಕೈಸೇರಿ ಒಂದು ವರ್ಷದೊಳಗೆ ಮುಗಿಸದಿದ್ದರೆ ವಕೀಲರ ಕಾಯ್ದೆಯ ಕಲಂ 36-ಬಿ ಪ್ರಕಾರ ಕಡತ ದೆಹಲಿಯ ಭಾರತೀಯ ವಕೀಲರ ಪರಿಷತ್ತಿಗೆ ಹೋಗುತ್ತದಲ್ವಾ? ಇವರದ್ದೂ ಹೋಯಿತು. ಕೌಂಟರ್ ಮುಂದೆ ನಿಂತು, "ದೆಹಲಿಗೆ ಹೋಗಿಬರೋಕೆ ನನ್ನ ಹತ್ರ ದುಡ್ಡೆಲ್ಲಿದೆ ಸಾರ್?" ಅಂದರು. ನನ್ನ ಬಳಿ ಉತ್ತರ ಇರಲಿಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ.

ಮೊದಲು ಮಾಡಿದ್ದು ಸಾಫ್ಟ್‌ವೇರ್. ನಾಲ್ಕೂವರೆ ಲಕ್ಷ ಹೋಯಿತು. ದೂರಿಗೆ ನಂಬರ್ ಬಿದ್ದ ದಿನದಿಂದ ಅದು ದಿನ ಎಣಿಸುತ್ತಿತ್ತು. ಕಾನೂನು ಎಣಿಸುವುದು ದೂರು ಕೈಸೇರಿದ ದಿನದಿಂದ. ಟಪಾಲಿನಲ್ಲಿ ಬಂದ ದೂರಿಗೆ ನಂಬರ್ ಬೀಳಲು ನಮ್ಮಲ್ಲಿ 40-50 ದಿನ ಆಗುತ್ತಿತ್ತು. ಪರದೆಯ ಮೇಲೆ ಇನ್ನೂ ಹಸಿರು ಬಣ್ಣ, ಅಷ್ಟರಲ್ಲಿ ಅವಧಿ ಮುಗಿದಿರುತ್ತಿತ್ತು. ಆ ವರ್ಷ 27 ಕಡತ ಕೈಬಿಟ್ಟು ಹೋದವು. ಈಗ ಲಕೋಟೆಯ ಮೇಲೆ ನಮ್ಮ ಕಚೇರಿಯ ಸ್ವೀಕೃತಿ ಮೊಹರು ಬಿದ್ದ ಗಳಿಗೆಯಲ್ಲೇ ಕೊನೆಯ ದಿನಾಂಕವನ್ನು ಕೆಂಪು ಪೆನ್ನಿನಲ್ಲಿ ಬರೆಯುತ್ತೇವೆ. ಖರ್ಚು ಒಂದು ಪೆನ್ನು.

ನಡುವೆ ರಾಜಿ ಮಾಡಿಸುವ ಪ್ರಯೋಗವನ್ನೂ ಮಾಡಿದೆ. ಹೆಚ್ಚಿನ ದೂರುಗಳು ದುಡ್ಡಿನವೇ. ವಾಪಸ್ ಕೊಡಿಸಿದರೆ ಮುಗಿಯಿತು ಅಂದುಕೊಂಡೆ. 30ರಲ್ಲಿ 19 ಜನ ಒಪ್ಪಿದರು. ಆದರೆ ಪರಿಷತ್ತಿನ ನಿಯಮ ಅಡ್ಡ ಬಂತು. ರಾಜಿಯಾಯಿತು, ದೂರುದಾರರಿಗೆ ಮುಂದುವರಿಯಲು ಇಷ್ಟವಿಲ್ಲ ಅನ್ನುವ ಕಾರಣಕ್ಕಷ್ಟೇ ವಿಚಾರಣೆ ಕೈಬಿಡುವ ಹಾಗಿಲ್ಲ. ಮೂರು ತಿಂಗಳು ಸುಮ್ನೆ ಹೋಯಿತು. ಆದರೂ ಬೇಜಾರಿಲ್ಲ. ಆ 19 ಮನೆಗಳಿಗೆ ಅವರ ದುಡ್ಡು ಸಿಕ್ಕಿತು.

ಆಮೇಲೆ ಕೂತು ಪ್ರತಿ ಕಡತದ ದಿನಗಳನ್ನು ಬಿಡಿಸಿ ನೋಡಿದೆ. 365ರಲ್ಲಿ 120ರಿಂದ 130 ದಿನ ಶಿಸ್ತು ಸಮಿತಿಗೆ ಹೋಗುವ ಮೊದಲೇ ಕರಗಿದ್ದವು. ಕಲಂ 35ರ ಪ್ರಕಾರ ಮೊದಲು ಕೌನ್ಸಿಲ್ ಸಭೆಯೇ ದೂರನ್ನು ಸಮಿತಿಗೆ ಒಪ್ಪಿಸಬೇಕು. ಸಭೆ ಮೂರು ತಿಂಗಳಿಗೊಮ್ಮೆ. ಕಾರ್ಯಸೂಚಿಯಲ್ಲಿ ದೂರುಗಳು ಕೊನೆಗೆ. ಊಟದ ಹೊತ್ತಾದರೆ ಮುಂದಿನ ಸಭೆಗೆ. ಅವನ್ನು ಮೊದಲ ವಿಷಯ ಮಾಡಿಸಲು ಎಂಟು ತಿಂಗಳು ಹಿಂದೆ ಬಿದ್ದೆ.

ಆದರೂ ಸದಸ್ಯರ ಮನಸ್ಸು ತಿರುಗಿಸಿದ್ದು ದುಡ್ಡಿನ ಕಾಲಂ. ಒಂದು ಕಡತದ ಒಂದು ವಾಯಿದೆಗೆ (ವಿಚಾರಣೆಗೆ ಕೊಟ್ಟ ದಿನಾಂಕ) ಪ್ರಯಾಣ ಭತ್ಯೆ, ಸ್ಟೆನೋ, ನೋಂದಾಯಿತ ಅಂಚೆ ಎಲ್ಲ ಸೇರಿ 4 ಸಾವಿರ ಚಿಲ್ಲರೆ. ದಿನಾಂಕದ ಪಕ್ಕದಲ್ಲೇ ಅದನ್ನು ಬರೆಯತೊಡಗಿದೆ. 14 ವಾಯಿದೆ ಕಂಡ ಒಂದು ಕಡತದ ಕೆಳಗೆ 60 ಸಾವಿರದ ಹತ್ತಿರ ಬಂತು. ಸಾಕ್ಷಿಯ ಒಂದು ಸಾಲೂ ದಾಖಲಾಗಿರಲಿಲ್ಲ. ಆ ಹಾಳೆಯನ್ನು ಸಭೆಯಲ್ಲಿ ಹಂಚಿದೆ. ಯಾರೂ ಮಾತಾಡಲಿಲ್ಲ. ಮುಂದಿನ ತಿಂಗಳಿಂದ ವಾಯಿದೆ ಅರ್ಧಕ್ಕೆ ಇಳಿಯಿತು.

ಶಿಸ್ತು ಸಮಿತಿಯ ಮೂವರಲ್ಲಿ ಒಬ್ಬರು ಬರದಿದ್ದರೆ ವಿಚಾರಣೆಯನ್ನೇ ಮುಂದೂಡುವ ರೂಢಿ ಇತ್ತು. ಅದು ಬೇಕಿಲ್ಲ. ಕಲಂ 42(4) ಓದಿ ನೋಡಿ. ಒಬ್ಬರು ಗೈರಾದರೂ ಕಲಾಪ ನಡೆಸಬಹುದು. ಅಂತಿಮ ಆದೇಶದ ದಿನ ಮಾತ್ರ ಅಧ್ಯಕ್ಷರು, ಸದಸ್ಯರು ಎಲ್ಲರೂ ಇರಬೇಕು. ಹಾಗಾಗಿ ಪಾಟೀ ಸವಾಲು ಇಬ್ಬರ ಮುಂದೆ ನಡೆಯಿತು, ಮೂವರೂ ಸೇರುವ ದಿನವನ್ನು ಆದೇಶಕ್ಕೆ ಉಳಿಸಿಕೊಂಡೆವು. ಆ ಮೂವರನ್ನು ಒಂದೇ ದಿನ ಕೂರಿಸುವುದು ಹೇಗೆ ಅನ್ನುವುದಕ್ಕೆ ನನ್ನದೇ ದಾರಿ ಇದೆ. ಅದನ್ನು ಬರೆಯುವುದಿಲ್ಲ, ಸಿಕ್ಕಾಗ ಹೇಳುತ್ತೇನೆ.

ಇನ್ನು ಖಜಾನೆ. ನಮ್ಮಲ್ಲಿ ಸನ್ನದಿಗೆ, ಅಂದರೆ ವಕೀಲರಾಗಿ ನೋಂದಣಿಗೆ, ಬರುವವರಿಂದ ಎಲ್ಲ ಬಾಬ್ತು ಸೇರಿಸಿ ತಲಾ 16 ಸಾವಿರದಷ್ಟು ಬರುತ್ತಿತ್ತು. ಕಾಯ್ದೆಯಲ್ಲಿ ಇರುವುದು ರಾಜ್ಯಕ್ಕೆ 600, ಭಾರತೀಯ ಪರಿಷತ್ತಿಗೆ 150. ಇದು ಒಂದಲ್ಲ ಒಂದು ದಿನ ನಿಲ್ಲುತ್ತದೆ, ಈ ಹಣದಲ್ಲಿ ಸಂಬಳ ಕೊಡಬೇಡಿ ಅಂತ 2021ರಿಂದಲೇ ಟಿಪ್ಪಣಿ ಬರೆಯುತ್ತಿದ್ದೆ. ಶಿಸ್ತು ವಿಭಾಗದ ಖರ್ಚು ವರ್ಷಕ್ಕೆ 50 ಲಕ್ಷದ ಆಸುಪಾಸು. ಮೂರು ವರ್ಷದ ಖರ್ಚನ್ನು ಬೇರೆ ಠೇವಣಿ ಇಡಿ ಅಂದೆ. ಜಾಸ್ತಿ ಹೆದರುತ್ತೀರಿ ಅಂದರು. ಜಗಳವಾಡಿ ಜಗಳವಾಡಿ ಒಂದೂವರೆ ಕೋಟಿ ಇಡಿಸಿದೆ.

2024ರ ಜುಲೈ 30ರಂದು ಸುಪ್ರೀಂ ಕೋರ್ಟ್ ತೀರ್ಪು ಬಂತು. ಕಾಯ್ದೆಯಲ್ಲಿ ಇರುವುದಕ್ಕಿಂತ ಹೆಚ್ಚು ನೋಂದಣಿ ಶುಲ್ಕ ತೆಗೆದುಕೊಳ್ಳುವಂತಿಲ್ಲ. ಹಿಂದೆ ಪಡೆದದ್ದನ್ನು ವಾಪಸ್ ಕೊಡಬೇಕಿಲ್ಲ ಅಂದಿದ್ದರಿಂದ ಉಸಿರು ಬಂತು. ತೀರ್ಪು ಸರಿಯಾದದ್ದೇ. ಬಡವರ ಮನೆಯ ಹುಡುಗರು ಸಾಲ ಮಾಡಿ ಸನ್ನದು ಪಡೆಯುತ್ತಿದ್ದುದನ್ನು ಕೌಂಟರಿನಲ್ಲಿ ಕೂತು ನೋಡಿದವನು ನಾನು. ವರ್ಷಕ್ಕೆ 6 ಕೋಟಿ ಬರುತ್ತಿದ್ದ ಕಡೆ 25 ಲಕ್ಷಕ್ಕೆ ಇಳಿಯಿತು. ವಾಹನ ಮಾರಿದೆವು, ಕಟ್ಟಡದ ಕೆಲಸ ನಿಲ್ಲಿಸಿದೆವು. ಶಿಸ್ತು ಸಮಿತಿಯ ಒಂದು ವಿಚಾರಣೆಯೂ ದುಡ್ಡಿಲ್ಲ ಅಂತ ನಿಲ್ಲಲಿಲ್ಲ. ಆ ಠೇವಣಿ ಬೇಡ ಅಂದವರೇ ಈಗ ಬೇರೆ ಕಡೆ ಅದನ್ನು ಹೇಳಿಕೊಳ್ಳುತ್ತಾರೆ.

ಕಳೆದ ವರ್ಷ ದೆಹಲಿಗೆ ಹೋದ ಕಡತ ಮೂರೇ. ಮೂರರಲ್ಲೂ ನೋಟಿಸ್ "ವಿಳಾಸದಲ್ಲಿ ಇಲ್ಲ" ಅಂತ ವಾಪಸ್ ಬಂದಿತ್ತು. ಈಗ ತಾಲ್ಲೂಕು ವಕೀಲರ ಸಂಘಗಳಿಂದ ಪ್ರತಿ ವರ್ಷ ಹೊಸ ವಿಳಾಸ ತರಿಸಿಕೊಳ್ಳುತ್ತಿದ್ದೇನೆ. ಅರ್ಧದಷ್ಟು ಸಂಘಗಳು ಕಳಿಸಿವೆ.