ಮೈದಾನದಲ್ಲಿ ನೆಟ್ಟ ಕೋಲು

ಸರ್ಕಾರಿ ಶಾಲೆಯಲ್ಲಿ 7ನೇ ತರಗತಿಗೆ ವಿಜ್ಞಾನ ಹೇಳಿಕೊಡುತ್ತೇನೆ. ಪ್ರಾಜೆಕ್ಟ್ ಎಂದರೆ ಥರ್ಮಾಕೋಲಿನ ಮಾದರಿ ಎಂದೇ ನಮ್ಮಲ್ಲಿ ರೂಢಿಯಾಗಿತ್ತು. ಮನೆಯವರು ಮಾಡಿಕೊಡುತ್ತಾರೆ, ಮಕ್ಕಳು ಹೊತ್ತು ತರುತ್ತಾರೆ, ನಾವು ಅಂಕ ಹಾಕುತ್ತೇವೆ. ಅದರಿಂದ ಒಂದು ಮಗುವಾದರೂ ಹೊಸದೇನನ್ನೋ ಕಂಡುಕೊಂಡದ್ದನ್ನು ನಾನು ನೋಡಿರಲಿಲ್ಲ. ಒಂದು ವರ್ಷ ಅದನ್ನೆಲ್ಲ ಬದಿಗಿಟ್ಟು, ಮೈದಾನದಲ್ಲಿ 1 ಮೀಟರ್ ಎತ್ತರದ ಕೋಲು ನೆಟ್ಟೆವು. ಹಿಂದಿನವರು ಇದನ್ನೇ ಶಂಕು ಎನ್ನುತ್ತಿದ್ದರು.

ಕೇಳಿದ್ದು ಒಂದೇ ಪ್ರಶ್ನೆ: ಇದರ ನೆರಳು ತೀರಾ ಗಿಡ್ಡವಾಗುವುದು ಎಷ್ಟು ಹೊತ್ತಿಗೆ?

"ಹನ್ನೆರಡು ಗಂಟೆಗೆ ಮಿಸ್!" ಇಡೀ ತರಗತಿ ಕೂಗಿತು. ಸರಿ, ಅದನ್ನೇ ನೋಟ್‌ಬುಕ್ಕಿನಲ್ಲಿ ಬರೆಯಿರಿ ಎಂದೆ. ಬರೆದದ್ದನ್ನು ಆಮೇಲೆ ಅಳಿಸುವಂತಿಲ್ಲ, ಅದೊಂದೇ ನಿಯಮ.

ಮೊದಲ ವಾರದ ಅಳತೆಗಳು ಕೆಲಸಕ್ಕೆ ಬರಲಿಲ್ಲ. ಕೋಲು ವಾಲಿತ್ತು. ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ನೋಡುವ ತನಕ ನನ್ನ ಗಮನಕ್ಕೂ ಬಂದಿರಲಿಲ್ಲ. ಅದನ್ನು ಸರಿಪಡಿಸುವಷ್ಟರಲ್ಲಿ ಇಬ್ಬರು ಹುಡುಗರು ನೆರಳು ಎಲ್ಲಿ ಮುಗಿಯುತ್ತದೆ ಎಂದು ಜಗಳಕ್ಕೆ ಬಿದ್ದರು. ಅವರ ಜಗಳದಲ್ಲಿ ಹುರುಳಿತ್ತು. ಸೂರ್ಯ ಬರೀ ಚುಕ್ಕಿಯಲ್ಲ, ಆಕಾಶದಲ್ಲಿ ಸುಮಾರು ಅರ್ಧ ಡಿಗ್ರಿ ಅಗಲ ಕಾಣುತ್ತಾನೆ, ಹಾಗಾಗಿ ನೆರಳಿನ ಅಂಚು ಯಾವಾಗಲೂ ಮಸುಕು. ಕೋಲಿನ ತುದಿಗೆ ಸಣ್ಣ ತೂತಿನ ರಟ್ಟು ಕಟ್ಟಿದೆವು. ರಟ್ಟಿನ ನೆರಳಿನ ನಡುವೆ ಬೆಳಕಿನ ದುಂಡು ಬೊಟ್ಟು ಬಿತ್ತು. ಜಗಳ ಅಲ್ಲಿಗೆ ಮುಗಿಯಿತು.

ಇನ್ನೊಂದು ತೊಡಕು ಉಳಿದಿತ್ತು. ನಡುಹಗಲಿನ ಆಸುಪಾಸಿನಲ್ಲಿ ನೆರಳು ಗಿಡ್ಡವಾಗುವುದು ಕಣ್ಣಿಗೇ ಕಾಣುವುದಿಲ್ಲ. ಅದಕ್ಕೆ ಕೋಲಿನ ಬುಡದ ಸುತ್ತ ವೃತ್ತ ಎಳೆದೆವು. ಬೆಳಿಗ್ಗೆ ಬೆಳಕಿನ ಬೊಟ್ಟು ವೃತ್ತದೊಳಕ್ಕೆ ಬಂದ ಸಮಯ, ಮಧ್ಯಾಹ್ನ ಹೊರಬಿದ್ದ ಸಮಯ, ಎರಡನ್ನೂ ಗುರುತು ಹಾಕಿದರೆ ನಟ್ಟನಡುವಿನದೇ ನಿಜವಾದ ನಡುಹಗಲು. ನವೆಂಬರ್ ಮೊದಲ ವಾರ ಅದು 12:10ಕ್ಕೆ ಬಂತು. ಶಾಲೆಯ ಗಡಿಯಾರವೇ ಮುಂದಿದೆ ಎಂದು ಮಕ್ಕಳು ತೀರ್ಮಾನಿಸಿದರು. ಮೊಬೈಲಿನ ಸಮಯ ತೋರಿಸಿದೆ, ಬೇರೇನೂ ಹೇಳಲಿಲ್ಲ.

ಫೆಬ್ರುವರಿಯಲ್ಲಿ ಒಬ್ಬ ಹುಡುಗಿ ಊಟದ ಬೆಲ್ ಆದರೂ ಕದಲದೆ ಕೂತು ಲೆಕ್ಕ ಹಾಕಿ ಬಂದಳು. "ಮಿಸ್, ಈಗ ನಡುಹಗಲು 12:40ಕ್ಕೆ. ಸೂರ್ಯನೇ ಲೇಟ್ ಮಾಡ್ತಿದಾನೆ." ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು. ತಡೆದುಕೊಂಡೆ. ಆ ವರ್ಷ ನಾನು ಮಾಡಿದ ಅತಿ ಕಷ್ಟದ ಕೆಲಸ ಅದು, ಅತಿ ಒಳ್ಳೆಯ ಕೆಲಸವೂ ಅದೇ. ಮುಂದಿನ ಎರಡು ವಾರ ಅವರೇ ಗ್ಲೋಬ್ ತಿರುಗಿಸಿದರು, ವಾದ ಮಾಡಿದರು. ದೇಶದ ಗಡಿಯಾರ ನಡೆಯುವುದು ನಿಗದಿಯಾದ ಒಂದು ರೇಖಾಂಶದ ಲೆಕ್ಕದಲ್ಲಿ, ಅಲ್ಲಿಂದ 1 ಡಿಗ್ರಿ ಪಶ್ಚಿಮಕ್ಕೆ ಸರಿದರೆ ನಡುಹಗಲು 4 ನಿಮಿಷ ತಡ ಎಂಬುದನ್ನು ತಾವೇ ಹಿಡಿದರು. ತಿಂಗಳಿಂದ ತಿಂಗಳಿಗೆ ಯಾಕೆ ಬದಲಾಗುತ್ತದೆ ಎಂಬುದಕ್ಕೆ ಮಾತ್ರ ನನ್ನ ನೆರವು ಬೇಕಾಯಿತು. ಭೂಮಿಯ ಅಕ್ಷದ ಓರೆ, ಕಕ್ಷೆಯ ದೀರ್ಘವೃತ್ತ, ಎರಡೂ ಸೇರಿ ಆಗುವ ವ್ಯತ್ಯಾಸ ಅದು.

ಸಿಲೆಬಸ್ ಹಿಂದೆ ಬೀಳುತ್ತದೆ ಎಂಬ ಆತಂಕ ಇತ್ತು. ಅನುಪಾತ, ಗ್ರಾಫ್, ರೇಖಾಂಶ ಎಲ್ಲವೂ ಇದರಲ್ಲೇ ಬಂದುಹೋದವು. ಅಂಕ ಕೊಟ್ಟದ್ದು ನೋಟ್‌ಬುಕ್ಕಿಗೆ, ತಪ್ಪಿದ ಊಹೆಯನ್ನು ಹಾಗೇ ಉಳಿಸಿಕೊಂಡು ಯಾಕೆ ತಪ್ಪಿತೆಂದು ಬರೆದವರಿಗೆ ಹೆಚ್ಚು.

ವೃತ್ತದ ಮೇಲಿನ ಎರಡು ಗುರುತುಗಳ ಮಧ್ಯಬಿಂದುವಿನಿಂದ ಕೋಲಿನ ಬುಡಕ್ಕೆ ಗೆರೆ ಎಳೆದರೆ ಉತ್ತರ-ದಕ್ಷಿಣ ಸಿಗುತ್ತದೆ. ಮಕ್ಕಳು ಅದನ್ನು ಸುಣ್ಣದಲ್ಲಿ ಬಳಿದರು. ಈಗ 6ನೇ ತರಗತಿಯವರು ನಕ್ಷೆ ಹಿಡಿದು ಬಂದು ಆ ಗೆರೆಯ ಮೇಲೆಯೇ ಹರಡಿಕೊಂಡು ಕೂರುತ್ತಾರೆ.